ಜೇನು ಗೂಡಿನೊಳಗಿನ ವಾಸನೆಯ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ ನಾನು 12 ಪೆಟ್ಟಿಗೆ ತುಡುವೆ ಜೇನು ಸಾಕಿದ್ದೇನೆ. ಹೊಳಲ್ಕೆರೆ, ಹೊಸದುರ್ಗ, ಜಗಳೂರು ಕಡೆಯಿಂದಲೂ ರೈತರು ನೋಡಲು ಬರುತ್ತಾರೆ. ಮೊದಲ ಸಲ ಬಂದಾಗ ಎಲ್ಲರೂ ಕೇಳುವುದು ಜೇನುತುಪ್ಪದ ಲೆಕ್ಕ: ಪೆಟ್ಟಿಗೆಗೆ ಎಷ್ಟು ಕೆಜಿ, ಕೆಜಿಗೆ ಎಷ್ಟು ರೂಪಾಯಿ. ತಾವೇ ಒಂದು ಪೆಟ್ಟಿಗೆ ಇಟ್ಟುಕೊಂಡು ಆರು ತಿಂಗಳು ಕಳೆದ ಮೇಲೆ ಕೇಳುವ ಪ್ರಶ್ನೆಗಳೇ ಬೇರೆ. ರಾಣಿ ಸತ್ತಿದ್ದು ಹುಳಗಳಿಗೆ ಹೇಗೆ ಗೊತ್ತಾಯಿತು? ಒಂದು ಕಚ್ಚಿದ ಕೂಡಲೇ ಉಳಿದವೂ ಏಕೆ ಮೇಲೆ ಬಿದ್ದವು? ಹಿಡಿದು ತಂದ ಹಿಂಡು ಮಾರನೇ ದಿನವೇ ಏಕೆ ಹಾರಿಹೋಯಿತು? ಉತ್ತರ ಹುಡುಕುತ್ತಾ ಹೋದರೆ ಎಲ್ಲವೂ ವಾಸನೆಯ ಹತ್ತಿರವೇ ಬಂದು ನಿಲ್ಲುತ್ತವೆ. ಫೋನಿನಲ್ಲಿ ಹೇಳುವಾಗ ಅರ್ಧ ಬಿಟ್ಟುಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಯೋಗಾಲಯದ ಕೆಲಸ ಜಾಸ್ತಿ ನಡೆದಿರುವುದು ಯುರೋಪಿನ ಮೆಲ್ಲಿಫೆರಾ ಜೇನಿನ ಮೇಲೆ. ನಮ್ಮ ತುಡುವೆ, ಹೆಜ್ಜೇನುಗಳಲ್ಲಿ ವ್ಯತ್ಯಾಸ ಇರುವಲ್ಲಿ ಹೇಳಿದ್ದೇನೆ.

ಫೆರೊಮೋನ್ ಅಂದರೆ ಏನು?

ಒಂದು ಜೀವಿ ತನ್ನ ಮೈಯಲ್ಲಿ ತಯಾರಿಸಿ ಹೊರಗೆ ಬಿಡುವ ರಾಸಾಯನಿಕ. ಅದು ಅದೇ ಜಾತಿಯ ಇನ್ನೊಂದು ಜೀವಿಯನ್ನು ಮುಟ್ಟಿ ಅದರ ನಡವಳಿಕೆಯನ್ನೋ ಮೈಯನ್ನೋ ಬದಲಿಸುತ್ತದೆ. ಈ ಹೆಸರು ಇಟ್ಟವರು ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್, 1959ರಲ್ಲಿ. ಹಾರ್ಮೋನ್ ಮೈಯೊಳಗೇ ಓಡಾಡುತ್ತದೆ, ಫೆರೊಮೋನ್ ಮೈ ದಾಟಿ ಬರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಜೇನಿನಲ್ಲಿ ಇದು ಎರಡು ರೀತಿ ಕೆಲಸ ಮಾಡುತ್ತದೆ. ಕೆಲವು ಒಗ್ಗರಣೆಯ ಘಾಟಿನ ಹಾಗೆ, ಬಡಿದ ಕೂಡಲೇ ಪರಿಣಾಮ. ಹುಳ ಕೆರಳುತ್ತದೆ, ಇಲ್ಲವೇ ಹತ್ತಿರ ಬರುತ್ತದೆ. ಇನ್ನು ಕೆಲವು ದಿನಗಟ್ಟಲೆ ನಿಧಾನವಾಗಿ ಮೈಗೆ ಹತ್ತುತ್ತವೆ. ಹುಳದ ಅಂಡಾಶಯ ಬೆಳೆಯಬೇಕೋ ಬೇಡವೋ, ಯಾವ ವಯಸ್ಸಿಗೆ ಹೊಲಕ್ಕೆ ಹೊರಡಬೇಕು ಎಂಬುದೆಲ್ಲ ಇವುಗಳ ಕೈಯಲ್ಲಿದೆ.

ಜೇನು ಹುಳಕ್ಕೆ ಮೂಗು ಎಲ್ಲಿದೆ?

ತಲೆಯ ಮುಂದಿನ ಎರಡು ಕುಡಿಮೀಸೆಗಳೇ ಅದರ ಮೂಗು. 2006ರಲ್ಲಿ ಮೆಲ್ಲಿಫೆರಾ ಜೇನಿನ ಇಡೀ ವಂಶವಾಹಿ ಓದಿ ಮುಗಿಸಿದಾಗ ವಾಸನೆ ಹಿಡಿಯುವ ಗ್ರಾಹಕಗಳ ಜೀನುಗಳು ಸುಮಾರು 170 ಸಿಕ್ಕವು. ರುಚಿಗೆ ಸಿಕ್ಕಿದ್ದು ಬರೀ ಹತ್ತು. ಈ ಎರಡು ಸಂಖ್ಯೆ ನೋಡಿದರೆ ಸಾಕು, ಜೇನಿನ ಬದುಕು ಯಾವುದರ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ. ಪೆಟ್ಟಿಗೆ ಒಳಗೆ ಸದಾ ಕತ್ತಲು. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಮೇಣದ ಪುಟ್ಟ ಕೋಣೆಗಳಂಥ ಕಣಗಳಿಂದಾದ ಎರಿಯ ಮೇಲೆ ಎರಡು ಹುಳ ಎದುರಾದಾಗ ಗಮನಿಸಿ ನೋಡಿ. ಮೊದಲು ಮೀಸೆಗೆ ಮೀಸೆ ತಾಗಿಸುತ್ತವೆ, ಆಮೇಲೆ ಮುಂದಿನ ಕೆಲಸ.

ಈ ವಾಸನೆಗಳು ಮೈಯ ಯಾವ ಭಾಗದಲ್ಲಿ ತಯಾರಾಗುತ್ತವೆ?

ಒಂದೇ ಕಡೆ ಅಲ್ಲ. ದವಡೆಯ ಬುಡದಲ್ಲಿ ಒಂದು ಜೊತೆ ಗ್ರಂಥಿ ಇದೆ. ರಾಣಿಯ ಮುಖ್ಯ ವಾಸನೆ ಬರುವುದು ಅಲ್ಲಿಂದ. ಕೆಲಸಗಾರ ಹುಳದ ಹೊಟ್ಟೆಯ ತುದಿಯ ಹತ್ತಿರ, ಬೆನ್ನಿನ ಕಡೆ ಇರುವುದು ನಸೊನೊವ್ ಗ್ರಂಥಿ. ಅದು ‘ಇಲ್ಲಿ ಬನ್ನಿ’ ಎಂದು ಕರೆಯುವ ವಾಸನೆ. ಮುಳ್ಳಿನ ಬುಡದಲ್ಲಿ ಇರುವುದು ಅಪಾಯದ ವಾಸನೆ. ಪಾದಗಳಲ್ಲೂ ಗ್ರಂಥಿಗಳಿವೆ, ನಡೆದ ಕಡೆಯೆಲ್ಲ ಹೆಜ್ಜೆಯ ಗುರುತು ಬೀಳುತ್ತದೆ. ಇಷ್ಟೇ ಅಲ್ಲದೆ ಚರ್ಮದ ಮೇಲಿನ ತೆಳ್ಳನೆ ಮೇಣದ ಪದರಕ್ಕೂ ತನ್ನದೇ ವಾಸನೆ ಇದೆ. ಮರಿಹುಳಗಳ ಮೈಯಿಂದಲೂ ಬರುತ್ತದೆ.

ರಾಣಿ ಜೇನು ಉಳಿದ ಹುಳಗಳಿಗೆ ಆಜ್ಞೆ ಮಾಡುತ್ತಾಳಾ?

ಇಲ್ಲ. ‘ರಾಣಿ’ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅವಳು ಯಾರಿಗೂ ಕೆಲಸ ಹಂಚುವುದಿಲ್ಲ, ಯಾವ ಹೂವಿಗೆ ಹೋಗಬೇಕೆಂದು ಹೇಳುವುದಿಲ್ಲ. ಅವಳು ಮಾಡುವುದು ಎರಡೇ: ಮೊಟ್ಟೆ ಇಡುತ್ತಾಳೆ, ತಾನು ಇದ್ದೇನೆ ಎಂದು ತನ್ನ ವಾಸನೆಯಿಂದ ತಿಳಿಸುತ್ತಿರುತ್ತಾಳೆ. ಆ ಒಂದು ಸುದ್ದಿ ಸಿಗುತ್ತಿದ್ದರೆ ಮನೆ ತಾನೇ ನಡೆಯುತ್ತದೆ.

ಇಂಗ್ಲೆಂಡಿನ ಕಾಲಿನ್ ಬಟ್ಲರ್ 1950ರ ದಶಕದಲ್ಲಿ ಇದರ ಬೆನ್ನು ಹತ್ತಿದವರು. ರಾಣಿಯ ಮೈಯಿಂದ ಹುಳಗಳು ನೆಕ್ಕಿ ತೆಗೆದುಕೊಳ್ಳುವ ಏನೋ ಒಂದು ವಸ್ತು ಹೊಸ ರಾಣಿ ಬೆಳೆಸದಂತೆ ತಡೆಯುತ್ತದೆ ಎಂದು ತೋರಿಸಿದರು. ಅದರ ಮುಖ್ಯ ಭಾಗವನ್ನು ವಿಜ್ಞಾನಿಗಳು ಚಿಕ್ಕದಾಗಿ 9-ಒಡಿಎ ಎನ್ನುತ್ತಾರೆ. ಆದರೆ ಅದೊಂದನ್ನೇ ಇಟ್ಟರೆ ಹುಳಗಳು ನಿಜವಾದ ರಾಣಿಗೆ ಕೊಡುವ ಮರ್ಯಾದೆ ಕೊಡಲಿಲ್ಲ. 1988ರಲ್ಲಿ ಕೆನಡಾದ ಕೀತ್ ಸ್ಲೆಸರ್, ಮಾರ್ಕ್ ವಿನ್‌ಸ್ಟನ್ ಮತ್ತು ಅವರ ಜೊತೆಗಾರರು ಐದು ರಾಸಾಯನಿಕಗಳು ಒಟ್ಟಿಗೆ ಇರಬೇಕು ಎಂದು ಕಂಡುಕೊಂಡರು. 2003ರಲ್ಲಿ ಆ ಪಟ್ಟಿಗೆ ಇನ್ನೂ ನಾಲ್ಕು ಸೇರಿದವು. ಸಾರಿನ ಪುಡಿಯ ಹಾಗೆ ಅಂದುಕೊಳ್ಳಿ. ಬರೀ ಮೆಣಸಿನಕಾಯಿ ಹಾಕಿದರೆ ಅದು ಸಾರು ಆಗುವುದಿಲ್ಲ, ಅಲ್ವಾ?

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಬೆಳಗಿನ ಬಿಸಿಲಿನಲ್ಲಿ ಸಂಸಾರ ಕೋಣೆಯ (ಮರಿಗಳು ಬೆಳೆಯುವ ಕೆಳಗಿನ ಕೋಣೆ) ಚೌಕಟ್ಟೊಂದನ್ನು ನಿಧಾನವಾಗಿ ಎತ್ತಿ. ರಾಣಿ ನಿಂತ ಕಡೆ ಎಂಟು ಹತ್ತು ಹುಳಗಳು ಅವಳ ಕಡೆಗೇ ಮುಖ ಮಾಡಿ ಸುತ್ತ ನಿಂತಿರುತ್ತವೆ. ಒಂದು ಮೀಸೆಯಿಂದ ಅವಳ ಬೆನ್ನು ತಡವುತ್ತದೆ, ಇನ್ನೊಂದು ನಾಲಿಗೆ ಚಾಚಿ ನೆಕ್ಕುತ್ತದೆ. ಅವಳು ಮುಂದೆ ಹೋದರೆ ಈ ಗುಂಪು ಬದಲಾಗುತ್ತದೆ. ಮೊದಲು ಸುತ್ತ ಇದ್ದವು ಎರಿಯ ತುಂಬ ಓಡಾಡಿ, ಸಿಕ್ಕ ಸಿಕ್ಕ ಹುಳಗಳಿಗೆ ಮೀಸೆ ತಾಗಿಸಿ, ಆ ವಾಸನೆಯನ್ನು ಹಂಚುತ್ತವೆ. ರಾಣಿಯನ್ನು ಒಮ್ಮೆಯೂ ಹತ್ತಿರದಿಂದ ಕಾಣದ ಹುಳಕ್ಕೂ ಅವಳ ಸುದ್ದಿ ಮುಟ್ಟುವುದು ಹೀಗೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕು ಅನ್ನಿಸಿಲ್ಲ.

2007ರಲ್ಲಿ ಗೊತ್ತಾದ ಒಂದು ವಿಷಯ ಇನ್ನೂ ವಿಚಿತ್ರ. ರಾಣಿಯ ವಾಸನೆಯ ಸಂಪರ್ಕದಲ್ಲಿರುವ ಎಳೆಯ ಹುಳಗಳು ನೋವಿನಿಂದ ಪಾಠ ಕಲಿಯುವುದು ಕಡಿಮೆಯಾಗುತ್ತದೆ. ಯಾವುದೋ ವಾಸನೆಯ ಜೊತೆಗೆ ಸಣ್ಣ ಶಾಕ್ ಕೊಟ್ಟರೆ ದೊಡ್ಡ ಹುಳ ಆ ವಾಸನೆಯನ್ನು ದ್ವೇಷಿಸಲು ಕಲಿಯುತ್ತದೆ. ರಾಣಿಯ ವಾಸನೆ ಕುಡಿದ ಎಳೆಯ ಹುಳ ಕಲಿಯುವುದಿಲ್ಲ. ರಾಣಿಯ ಹತ್ತಿರ ಸದಾ ಇರಬೇಕಾದವು ಇವೇ. ಅವಳ ಬಗ್ಗೆ ಅವಕ್ಕೆ ಬೇಸರ ಹುಟ್ಟದ ಹಾಗೆ ಈ ಏರ್ಪಾಡು ಇರಬೇಕು ಎಂಬುದು ಆ ಕೆಲಸ ಮಾಡಿದವರ ಊಹೆ.

ರಾಣಿ ಸತ್ತರೆ ಹುಳಗಳಿಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ನಾನು ಏನು ನೋಡಬೇಕು?

ಕೆಲವೇ ಗಂಟೆ. ವಾಸನೆ ಆರುತ್ತಾ ಹೋಗುತ್ತದೆ, ಹೊಸದಾಗಿ ಬರುವುದಿಲ್ಲ. ಅಷ್ಟು ಸಾಕು.

ಎರಡು ವರ್ಷದ ಹಿಂದೆ ನನ್ನ ಏಳನೇ ಪೆಟ್ಟಿಗೆಯಲ್ಲಿ ಚೌಕಟ್ಟು ವಾಪಸ್ ಇಳಿಸುವಾಗ ಕೈ ಜಾರಿತು. ಪಕ್ಕದ ಚೌಕಟ್ಟಿಗೆ ತಗುಲಿ ರಾಣಿ ಜಜ್ಜಿಹೋಗಿದ್ದಳು. ಆಗ ನನಗೆ ಅದು ಗೊತ್ತಾಗಲಿಲ್ಲ. ಸಂಜೆ ತೋಟದಿಂದ ಮನೆಗೆ ಹೊರಟಾಗ ಆ ಪೆಟ್ಟಿಗೆಯ ಸದ್ದು ಬೇರೆಯಾಗಿತ್ತು. ಉಳಿದವು ಸಣ್ಣಗೆ ಗುಂಯ್ ಎನ್ನುತ್ತಿದ್ದರೆ ಇದು ಮಳೆಗೆ ಮುಂಚೆ ಅಡಿಕೆ ಗರಿಗಳು ಒಟ್ಟಿಗೆ ಮೊರೆಯುವ ಹಾಗೆ ಮೊರೆಯುತ್ತಿತ್ತು. ಬಾಗಿಲ ಹಲಗೆಯ ಮೇಲೆ ಹುಳಗಳು ಏನೋ ಕಳೆದುಕೊಂಡವರಂತೆ ಅತ್ತಿಂದಿತ್ತ ಓಡುತ್ತಿದ್ದವು. ಮಾರನೇ ದಿನ ತೆಗೆದು ನೋಡಿದಾಗ ತಳದಲ್ಲಿ ರಾಣಿಯ ಹೆಣ ಸಿಕ್ಕಿತು. ಅದನ್ನೂ ನಾಲ್ಕೈದು ಹುಳಗಳು ನೆಕ್ಕುತ್ತಾ ನಿಂತಿದ್ದವು.

ಆಗ ಹೆದರಿ ಏನೇನೋ ಮಾಡಬೇಡಿ. ಪೆಟ್ಟಿಗೆಯಲ್ಲಿ ಮೊಟ್ಟೆ ಅಥವಾ ತೀರಾ ಎಳೆಯ ಮರಿಹುಳ ಇದ್ದರೆ ಒಂದೆರಡು ದಿನದಲ್ಲೇ ಅವು ಕೆಲವು ಕಣಗಳನ್ನು ಅಗಲ ಮಾಡಿ, ಕೆಳಮುಖವಾಗಿ ಇಳಿಸಿ, ರಾಣಿ ಕಣ ಕಟ್ಟುತ್ತವೆ. ಆ ಮರಿಗಳಿಗೆ ರಾಜಶಾಹಿ ರಸವನ್ನು ಧಾರಾಳವಾಗಿ ಉಣಿಸುತ್ತವೆ. ನನ್ನ ಪೆಟ್ಟಿಗೆ ಹಾಗೇ ಉಳಿದುಕೊಂಡಿತು. ಹೊಸ ರಾಣಿ ಹುಟ್ಟಿ, ಗಂಡುಗಳ ಜೊತೆ ಸೇರಲು ಹೊರಗೆ ಹಾರಿ ಬಂದು, ಮೊಟ್ಟೆ ಇಡಲು ಸುಮಾರು ಒಂದು ತಿಂಗಳು ಹಿಡಿಯಿತು.

ಮೊಟ್ಟೆಯೂ ಇಲ್ಲ, ಎಳೆ ಮರಿಯೂ ಇಲ್ಲ ಅಂದರೆ ಕಷ್ಟ. ರಾಣಿಯ ವಾಸನೆ ಹೋಯಿತು, ಮರಿಗಳ ವಾಸನೆಯೂ ಹೋಯಿತು. ಕೆಲಸಗಾರ ಹುಳಗಳ ಅಂಡಾಶಯಕ್ಕೆ ಇದ್ದ ಎರಡು ಬೀಗವೂ ತೆಗೆದ ಹಾಗೆ. ಕೆಲವು ಹುಳಗಳು ತಾವೇ ಮೊಟ್ಟೆ ಇಡಲು ಶುರು ಮಾಡುತ್ತವೆ. ತುಡುವೆಯಲ್ಲಿ ಇದು ಮೆಲ್ಲಿಫೆರಾಗಿಂತ ಬೇಗ ಆಗುತ್ತದೆ. ಒಂದೊಂದು ಕಣದಲ್ಲಿ ಎರಡು ಮೂರು ಮೊಟ್ಟೆ, ನೆಟ್ಟಗಿಲ್ಲದೆ ಗೋಡೆಗೆ ಅಂಟಿದಂತೆ ಕಂಡರೆ ಅದೇ ಗುರುತು. ಇವು ಗಂಡಿನ ಜೊತೆ ಸೇರಿಲ್ಲವಾದ್ದರಿಂದ ಆ ಮೊಟ್ಟೆಗಳಿಂದ ಹುಟ್ಟುವುದೆಲ್ಲ ಗಂಡು ಜೇನೇ. ಅಲ್ಲಿಗೆ ಬರುವ ಮುಂಚೆ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಚೌಕಟ್ಟನ್ನು ತಂದು ಕೊಡಿ.

ರಾಣಿ ಚೆನ್ನಾಗಿಯೇ ಇದ್ದಾಳೆ, ಆದರೂ ಕುಟುಂಬ ಪಾಲಾಗಲು ಹೊರಟಿದೆ. ಏಕೆ?

ಪಾಲಾಗುವುದು ಅಂದರೆ ಒಂದು ಪಾಲು ಹುಳಗಳು ರಾಣಿಯ ಜೊತೆ ಹೊಸ ಮನೆ ಹುಡುಕಿ ಹೊರಡುವುದು. ಮನೆ ತುಂಬಿದೆ ಎಂದರ್ಥ. ಹುಳಗಳು ಜಾಸ್ತಿಯಾದಾಗ ರಾಣಿಯ ವಾಸನೆ ಎಲ್ಲರಿಗೂ ಸರಿಯಾಗಿ ಹಂಚಿಕೆಯಾಗುವುದಿಲ್ಲ. ಇದರ ಜೊತೆಗೆ ಪಾದದ ಗುರುತಿನ ವಿಷಯವೂ ಇದೆ. ರಾಣಿ ನಡೆದಾಡಿದ ಎರಿಯ ಅಂಚಿನಲ್ಲಿ ಅವಳ ಪಾದದ ಮತ್ತು ದವಡೆಯ ವಾಸನೆ ಉಳಿದಿದ್ದರೆ ಅಲ್ಲಿ ಹುಳಗಳು ರಾಣಿ ಕಣ ಕಟ್ಟುವುದಿಲ್ಲ. ಗಿಜಿಗುಡುವ ಪೆಟ್ಟಿಗೆಯಲ್ಲಿ ಅವಳು ಕೆಳಗಿನ ಅಂಚಿನವರೆಗೆ ಬರುವುದೇ ಅಪರೂಪ. ಪಾಲಾಗುವ ಮುನ್ನ ರಾಣಿ ಕಣಗಳು ಎರಿಯ ತಳದ ಅಂಚಿನಲ್ಲೇ ಜೋಲುವುದು ಇದಕ್ಕೆ ತಾಳೆಯಾಗುತ್ತದೆ. ರಾಣಿ ಮುದುಕಿಯಾದಾಗಲೂ ವಾಸನೆ ತಗ್ಗುತ್ತದೆ. ಆಗ ಹುಳಗಳು ಅವಳನ್ನೇ ಬದಲಿಸುತ್ತವೆ.

ಸೂರ್ಯಕಾಂತಿ, ಹೊಂಗೆ ಹೂ ಬಿಡುವ ಹೊತ್ತಿಗೆ ಮೇಲೆ ಜೇನು ಕೋಣೆ (ತುಪ್ಪ ತುಂಬುವ ಮೇಲಿನ ಕೋಣೆ) ಏರಿಸಿ ಜಾಗ ಕೊಡಿ. ಸುಮ್ನೆ ರಾಣಿ ಕಣ ಕೀಳುತ್ತಾ ಹೋಗುವುದರಿಂದ ಪ್ರಯೋಜನ ಕಡಿಮೆ.

ಒಂದು ಜೇನು ಕಚ್ಚಿದರೆ ಉಳಿದವೂ ಅದೇ ಜಾಗಕ್ಕೆ ಏಕೆ ಮುತ್ತುತ್ತವೆ?

ಕಚ್ಚಿದ ಜಾಗದಲ್ಲಿ ಅದು ಬರೀ ವಿಷ ಬಿಟ್ಟು ಹೋಗುವುದಿಲ್ಲ, ಗುರುತೂ ಇಟ್ಟು ಹೋಗುತ್ತದೆ. ಮುಳ್ಳಿಗೆ ಗಾಳದ ಕೊಕ್ಕೆಯಂಥ ಹಲ್ಲುಗಳಿವೆ. ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡರೆ ಹುಳ ಹಾರಿದಾಗ ಮುಳ್ಳು, ವಿಷದ ಚೀಲ, ಅದರ ಬುಡದ ಗ್ರಂಥಿ ಎಲ್ಲ ಕಿತ್ತು ನಮ್ಮ ಮೈಯಲ್ಲೇ ಉಳಿಯುತ್ತವೆ. ಆ ಗ್ರಂಥಿಯಿಂದ ಅಪಾಯದ ವಾಸನೆ ಏಳುತ್ತಲೇ ಇರುತ್ತದೆ. ಅದರಲ್ಲಿ ಹತ್ತಾರು ರಾಸಾಯನಿಕಗಳಿವೆ. ಮುಖ್ಯವಾದದ್ದು ಐಸೊಪೆಂಟೈಲ್ ಅಸಿಟೇಟ್, 1962ರಲ್ಲಿ ಪತ್ತೆಯಾಯಿತು. ಕಣ್ಣು ಕಾಣದ ಸ್ವಿಸ್ ಸಂಶೋಧಕ ಫ್ರಾಂಸ್ವಾ ಹ್ಯೂಬರ್ ಇದಕ್ಕಿಂತ ಒಂದೂವರೆ ಶತಮಾನ ಮುಂಚೆಯೇ, ಆಗಷ್ಟೇ ಕಿತ್ತ ಮುಳ್ಳನ್ನು ಗೂಡಿನ ಬಾಗಿಲಲ್ಲಿ ತೋರಿಸಿದರೆ ಹುಳಗಳು ರೇಗುತ್ತವೆ ಎಂದು ಬರೆದಿಟ್ಟಿದ್ದರು.

ಈ ವಾಸನೆ ನಮ್ಮ ಮೂಗಿಗೂ ಬರುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ವಾಸನೆ. ಪೆಟ್ಟಿಗೆಯ ಮುಚ್ಚಳ ಹಾಕುವಾಗ ಅಂಚಿನಲ್ಲಿ ಒಂದು ಹುಳ ಸಿಕ್ಕಿ ಚಟ್ ಎನ್ನುತ್ತದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಬಾಳೆಹಣ್ಣು ಘಮ್ ಎನ್ನುತ್ತದೆ. ಚೌಕಟ್ಟುಗಳ ನಡುವಿನ ಸಂದಿಯಲ್ಲಿ ಹುಳಗಳ ತಲೆಗಳು ಸಾಲಾಗಿ ಮೇಲೆದ್ದು ನನ್ನ ಕಡೆಗೇ ತಿರುಗುತ್ತವೆ. ಆಗ ನಾನು ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದುಬಿಡುತ್ತೇನೆ.

ಕಚ್ಚಿಸಿಕೊಂಡರೆ ಮುಳ್ಳನ್ನು ಕೂಡಲೇ ತೆಗೆಯಿರಿ. ಉಗುರಿನಿಂದ ಕೆರೆಯುವುದೋ, ಚಿವುಟಿ ತೆಗೆಯುವುದೋ ಎಂದು ಯೋಚಿಸುತ್ತಾ ನಿಲ್ಲಬೇಡಿ. ಹೇಗೆ ತೆಗೆದಿರಿ ಎಂಬುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎಂಬುದೇ ಮುಖ್ಯ. ಆ ಜಾಗಕ್ಕೆ ಸ್ವಲ್ಪ ಹೊಗೆ ಹಿಡಿಯಿರಿ ಅಥವಾ ನೀರು ಹಾಕಿ ತೊಳೆಯಿರಿ. ಗುರುತು ಅಳಿಯುತ್ತದೆ. ಕಚ್ಚಿಸಿಕೊಂಡ ಗವಸು, ಅಂಗಿಯನ್ನು ಒಗೆಯದೆ ಮತ್ತೆ ತೊಡಬೇಡಿ.

ಬಾಳೆಹಣ್ಣು ತಿಂದು ಪೆಟ್ಟಿಗೆ ಹತ್ತಿರ ಹೋದರೆ ಕಚ್ಚುತ್ತವಾ?

ಹಣ್ಣಿನ ವಾಸನೆಗೆ ಕಾರಣವಾದ ರಾಸಾಯನಿಕವೂ ಅದೇ ಆಗಿರುವುದರಿಂದ ಜೇನು ಸಾಕುವವರು ಈ ಎಚ್ಚರ ಇಟ್ಟುಕೊಳ್ಳುತ್ತಾರೆ. ನಾನೂ ತಿಂದು ಹೋಗುವುದಿಲ್ಲ. ತೋಟದಲ್ಲಿ ಬಾಳೆ ಬೆಳೆದರೆ ತೊಂದರೆಯಿಲ್ಲ. ನನ್ನ ಪೆಟ್ಟಿಗೆಗಳ ಪಕ್ಕದಲ್ಲೇ ಬಾಳೆ ಗಿಡಗಳಿವೆ, ಹುಳಗಳು ಅದರ ಹೂವಿಗೂ ಹೋಗುತ್ತವೆ.

ಹೊಗೆ ಹಾಕಿದರೆ ಹುಳ ಸುಮ್ಮನಾಗುವುದೇಕೆ?

ಎರಡು ಕಾರಣ. ಹೊಗೆ ಬಂದರೆ ಹುಳಗಳು ತುಪ್ಪ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಮನೆ ಬಿಡಬೇಕಾಗಿ ಬಂದರೆ ಬುತ್ತಿ ಬೇಕಲ್ಲ. ಎರಡನೆಯದು ಕುಡಿಮೀಸೆಗೆ ಸಂಬಂಧಿಸಿದ್ದು. ಹೊಗೆ ತಾಗಿದ ಮೀಸೆ ಅಪಾಯದ ವಾಸನೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತಾಗುತ್ತದೆ. ನಮಗೆ ಸಿಗುವ ಸಮಯ ಅಷ್ಟೇ.

ತೆಂಗಿನ ನಾರು, ಒಣಗಿದ ಅಡಿಕೆ ಸಿಪ್ಪೆ, ಹಳೇ ಗೋಣಿ ತುಂಡು ಒಳ್ಳೆಯ ತಣ್ಣನೆ ಹೊಗೆ ಕೊಡುತ್ತವೆ. ಪ್ಲಾಸ್ಟಿಕ್, ಸೀಮೆಎಣ್ಣೆ ಬಟ್ಟೆ ಬೇಡವೇ ಬೇಡ. ಹೊಗೆ ಜಾಸ್ತಿಯಾದರೆ ಹೂವಿನ ವಾಸನೆಯೂ ಅವಕ್ಕೆ ತಿಳಿಯುವುದಿಲ್ಲ, ರಾಣಿಯದ್ದೂ ತಿಳಿಯುವುದಿಲ್ಲ. ಬಾಗಿಲಲ್ಲಿ ಎರಡು ಸಲ, ಮೇಲೆ ಒಂದು ಸಲ ಊದಿದರೆ ತುಡುವೆಗೆ ಸಾಕು.

ಹೆಜ್ಜೇನು ಎದ್ದರೆ ಏನು ಮಾಡಬೇಕು?

ದುರ್ಗದ ಕಡೆ ಬಂಡೆಗಳ ಕೆಳಗೆ, ಊರುಗಳಲ್ಲಿ ಆಲದ ಮರ, ನೀರಿನ ಟ್ಯಾಂಕಿನ ತಳದಲ್ಲಿ ಹೆಜ್ಜೇನು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಇದು ತೆರೆದ ಜಾಗದಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಜಾತಿ. ಗೋಡೆಯಿಲ್ಲ, ಬಾಗಿಲಿಲ್ಲ. ಹುಳಗಳ ಮೈಯೇ ಗೋಡೆ. ಹೀಗಾಗಿ ರಕ್ಷಣೆಗೆ ಸಾವಿರಗಟ್ಟಲೆ ಒಟ್ಟಿಗೆ ಏಳುತ್ತವೆ. ಹೆಜ್ಜೇನು ಮತ್ತು ಕೋಲು ಜೇನಿನ (ಸಣ್ಣ ಕೊಂಬೆಗೆ ಪುಟ್ಟ ಎರಿ ಕಟ್ಟುವ ಜಾತಿ) ಅಪಾಯದ ವಾಸನೆಯಲ್ಲಿ ಇನ್ನೊಂದು ರಾಸಾಯನಿಕವೂ ಇದೆ, ಅದು ಬೇಗ ಆರುವುದಿಲ್ಲ. ಒಮ್ಮೆ ಗುರುತು ಬಿದ್ದ ಮನುಷ್ಯನನ್ನು ಅವು ಅಷ್ಟು ಸುಲಭಕ್ಕೆ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಎದ್ದರೆ ಓಡಿ. ಟವೆಲ್ಲೋ ಸೆರಗೋ ಮುಖಕ್ಕೆ, ತಲೆಗೆ ಮುಚ್ಚಿಕೊಂಡು ನೇರವಾಗಿ ಮನೆ, ಬಸ್ಸು, ಕಾರು ಯಾವುದಾದರೂ ಮುಚ್ಚಿದ ಜಾಗ ಸೇರಿ. ಕೈ ಬೀಸಿ ಹೊಡೆಯಬೇಡಿ. ಜಜ್ಜಿದ ಪ್ರತಿ ಹುಳವೂ ಇನ್ನಷ್ಟು ವಾಸನೆ ಬಿಡುತ್ತದೆ. ಕೆರೆ, ಬಾವಿಗೆ ಹಾರಬೇಡಿ, ತಲೆ ಎತ್ತಿದ ಕೂಡಲೇ ಮತ್ತೆ ಮುತ್ತುತ್ತವೆ. ತುಂಬ ಕಡೆ ಕಚ್ಚಿದ್ದರೆ, ಅಥವಾ ಒಂದೇ ಕಚ್ಚಿದ್ದರೂ ಉಸಿರಾಟ ಕಷ್ಟವಾದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಮರದ ಕೆಳಗೇ ಅಡುಗೆ ಒಲೆ ಹೂಡಿದ್ದರು. ಹೊಗೆಗೆ ಹೆಜ್ಜೇನು ಎದ್ದಿತು. ಒಬ್ಬ ಅಜ್ಜಿ ಓಡಲಾಗದೆ ಕೂತಲ್ಲೇ ಕಂಬಳಿ ಪೂರ್ತಿ ಹೊದ್ದು ಅಲುಗಾಡದೆ ಕೂತರು. ಎರಡೇ ಎರಡು ಮುಳ್ಳು ಚುಚ್ಚಿದ್ದವು. ಅವರ ಪಕ್ಕದಲ್ಲಿ ಟವೆಲ್ ಬೀಸಿದ ಹುಡುಗನಿಗೆ ನಲವತ್ತಕ್ಕೂ ಜಾಸ್ತಿ. ಓಡುವ ಶಕ್ತಿ ಇದ್ದವರು ಓಡಲೇಬೇಕು. ಇಲ್ಲದವರಿಗೆ ಕಂಬಳಿ ನೆನಪಿರಲಿ.

ಬಾಗಿಲ ಹತ್ತಿರ ಕೆಲವು ಹುಳಗಳು ಹಿಂಭಾಗ ಮೇಲೆತ್ತಿ ರೆಕ್ಕೆ ಬೀಸುತ್ತಿವೆ. ಸೆಕೆಗೋ?

ಸೆಕೆಗೆ ಬೀಸುವುದೂ ಉಂಟು. ಆದರೆ ಹೊಟ್ಟೆಯ ತುದಿಯನ್ನು ಸ್ವಲ್ಪ ಬಾಗಿಸಿ, ಅಲ್ಲಿ ಒಂದು ಬಿಳಿ ಗೆರೆ ಕಾಣುವಂತೆ ನಿಂತಿದ್ದರೆ ಅದು ಕರೆಯುವ ಕೆಲಸ. ಆ ಬಿಳಿ ಗೆರೆಯೇ ನಸೊನೊವ್ ಗ್ರಂಥಿ ತೆರೆದುಕೊಂಡ ಜಾಗ. 1880ರ ದಶಕದಲ್ಲಿ ಅದನ್ನು ವಿವರಿಸಿದ ರಷ್ಯಾದ ವಿಜ್ಞಾನಿಯ ಹೆಸರೇ ಅದಕ್ಕೆ ಉಳಿದಿದೆ. ರೆಕ್ಕೆಯ ಗಾಳಿ ಆ ವಾಸನೆಯನ್ನು ದೂರ ಒಯ್ಯುತ್ತದೆ. ದಾರಿ ತಪ್ಪಿದವು, ಹೊಸದಾಗಿ ಹಾರಲು ಕಲಿತವು, ಪಾಲಾಗಿ ಬಂದ ಹಿಂಡಿನವು ಅದನ್ನು ಹಿಡಿದು ಮನೆ ಸೇರುತ್ತವೆ.

ಮೆಲ್ಲಿಫೆರಾದಲ್ಲಿ ಈ ವಾಸನೆಗೆ ಏಳು ಘಟಕಗಳಿವೆ. ಅದರಲ್ಲಿ ಸಿಟ್ರಾಲ್, ಜೆರಾನಿಯಾಲ್ ಸೇರಿವೆ. ಸಿಟ್ರಾಲ್ ನಮ್ಮ ಮಜ್ಜಿಗೆ ಹುಲ್ಲಿನಲ್ಲಿ ಧಾರಾಳವಾಗಿದೆ. ಅದಕ್ಕೇ ಹಿಂಡು ಹಿಡಿಯಲು ಇಡುವ ಖಾಲಿ ಪೆಟ್ಟಿಗೆಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಒಂದೆರಡು ಹನಿ ಹಚ್ಚುತ್ತಾರೆ. ನಾನು ಹಿತ್ತಲಿನ ಹುಲ್ಲನ್ನೇ ಜಜ್ಜಿ ಒಳಗೋಡೆಗೆ ಉಜ್ಜುತ್ತೇನೆ, ಜೊತೆಗೆ ಹಳೇ ಎರಿಯ ಮೇಣ ಸವರುತ್ತೇನೆ.

ಹಿಂಡು ಹಿಡಿದು ಪೆಟ್ಟಿಗೆಗೆ ಹಾಕಿದ ಮೇಲೆ ಕಾಲು ಗಂಟೆ ಅಲ್ಲೇ ಕೂತು ನೋಡಿ. ಒಳಗೆ ಹೋದ ಹುಳಗಳು ಬಾಗಿಲಿಗೆ ಬಂದು ಹಿಂಭಾಗ ಎತ್ತಿ ಬೀಸಲು ಶುರು ಮಾಡಿದರೆ ರಾಣಿ ಒಳಗೆ ಸೇರಿದ್ದಾಳೆ ಎಂದು ಬಹುಮಟ್ಟಿಗೆ ನಂಬಬಹುದು. ಹೊರಗಿನವು ಸಾಲು ಹಿಡಿದು ಒಳಗೆ ನಡೆಯುತ್ತವೆ. ಬೀಸುವವರೇ ಇಲ್ಲದಿದ್ದರೆ ಕೊಂಬೆಯ ಕಡೆ ಮತ್ತೊಮ್ಮೆ ನೋಡಿ. ರಾಣಿ ಇನ್ನೂ ಅಲ್ಲೇ ಇರಬಹುದು. ಹಿಡಿದ ಹಿಂಡು ಮಾರನೇ ದಿನ ಹಾರಿಹೋಯಿತು ಎಂದು ಫೋನ್ ಮಾಡುವವರಲ್ಲಿ ಅರ್ಧಕ್ಕರ್ಧ ಜನ ಈ ಕಾಲು ಗಂಟೆ ಕಾದಿರುವುದಿಲ್ಲ.

ಮರಿಹುಳಗಳೂ ವಾಸನೆಯಿಂದ ಮಾತಾಡುತ್ತವಾ?

ಹೌದು, ಮನೆಯಲ್ಲಿ ಕೂಸು ಅತ್ತ ಹಾಗೆ. ಎಳೆಯ ಮರಿಗಳು ಗಾಳಿಯಲ್ಲಿ ಹರಡುವ ಒಸಿಮೀನ್ ಎಂಬ ವಾಸನೆ ಬಿಡುತ್ತವೆ. ಸ್ವಲ್ಪ ದೊಡ್ಡವಾದ ಮೇಲೆ ಚರ್ಮದಿಂದ ಹತ್ತು ಬಗೆಯ ಕೊಬ್ಬಿನ ಸಂಯುಕ್ತಗಳು ಬರುತ್ತವೆ. ಫ್ರಾನ್ಸಿನ ಈವ್ ಲೆ ಕಾಂಟ್ ಮತ್ತು ಜೊತೆಗಾರರು ಇವನ್ನು ಗುರುತಿಸಿದರು. ಮರಿಯ ವಯಸ್ಸು ಬದಲಾದಂತೆ ಈ ಹತ್ತರ ಪಾಕವೂ ಬದಲಾಗುತ್ತದೆ. ಅದನ್ನು ಹಿಡಿದೇ ದಾದಿ ಹುಳಗಳು ಯಾರಿಗೆ ಉಣಿಸಬೇಕು, ಯಾವ ಕಣಕ್ಕೆ ಮೇಣದ ಮುಚ್ಚಳ ಹಾಕುವ ಹೊತ್ತಾಯಿತು ಎಂದು ತಿಳಿಯುತ್ತವೆ. ಮರಿಗಳ ವಾಸನೆ ಜಾಸ್ತಿ ಇದ್ದರೆ ಹೊಲಕ್ಕೆ ಹೋಗುವ ಹುಳಗಳು ಪರಾಗ ಜಾಸ್ತಿ ತರುತ್ತವೆ. ಬಾಗಿಲಲ್ಲಿ ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡ ಹುಳಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ, ಮುಚ್ಚಳ ತೆಗೆಯದೆಯೇ ‘ಒಳಗೆ ಮರಿಗಳಿವೆ’ ಎಂದು ನಾವು ಹೇಳುವುದು ಇದೇ ಲೆಕ್ಕದ ಮೇಲೆ.

ಜೇನಿನ ಮೈಗೆ, ಮರಿಗಳಿಗೆ ಹತ್ತುವ ವಾರೊವಾ ನುಸಿ ಈ ಮಾತನ್ನು ಕದ್ದು ಕೇಳುತ್ತದೆ. ಮುಚ್ಚಳ ಬೀಳುವ ಹೊತ್ತಿನ ಮರಿಯ ವಾಸನೆ ಹಿಡಿದು ಸರಿಯಾಗಿ ಅದೇ ಕಣಕ್ಕೆ ನುಗ್ಗುತ್ತದೆ. ತುಡುವೆಯ ಜೊತೆಯಲ್ಲೇ ಬೆಳೆದ ನುಸಿ ಅದು. ತುಡುವೆಗೆ ಅದನ್ನು ಸಹಿಸುವ ದಾರಿ ಗೊತ್ತಿದೆ, ಮೆಲ್ಲಿಫೆರಾಗೆ ಅದು ದೊಡ್ಡ ಕಾಟ.

ಪಕ್ಕದ ಹೊಲದಲ್ಲಿ ಔಷಧಿ ಹೊಡೆದರು. ಆಮೇಲೆ ತೀರಾ ಎಳೆಯ ಹುಳಗಳು ಹೊರಗೆ ಹಾರುತ್ತಿವೆ. ಏಕೆ?

ಈ ಪ್ರಶ್ನೆ ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟದವರಿಂದ ಬರುತ್ತದೆ. ನನಗೆ ಎಲ್ಲಕ್ಕಿಂತ ಸಂಕಟ ಕೊಡುವ ಪ್ರಶ್ನೆ ಇದು.

ಹೊಲಕ್ಕೆ ಹೋಗುವ ದೊಡ್ಡ ಹುಳಗಳ ಮೈಯಲ್ಲಿ ಈಥೈಲ್ ಓಲಿಯೇಟ್ ಎಂಬ ವಸ್ತು ಇರುತ್ತದೆ. 2004ರಲ್ಲಿ ಅದರ ಪಾತ್ರ ತಿಳಿಯಿತು. ಮನೆಗೆ ಬಂದು ಎಳೆಯವುಗಳ ಒಡನಾಡುವಾಗ ಅದು ಅವಕ್ಕೂ ತಲುಪುತ್ತದೆ. ‘ಹೊರಗೆ ದುಡಿಯುವವರು ಸಾಕಷ್ಟಿದ್ದಾರೆ, ನೀವು ಒಳಗೇ ಮರಿ ನೋಡಿಕೊಳ್ಳಿ’ ಎಂದು ಹೇಳಿದ ಹಾಗೆ. ಔಷಧಿಗೆ ಸಿಕ್ಕಿ ದೊಡ್ಡವು ವಾಪಸ್ ಬರಲಿಲ್ಲ ಅಂದರೆ ಆ ತಡೆ ಇಲ್ಲ. ಇನ್ನೂ ಮರಿ ಸಾಕಬೇಕಾದ ವಯಸ್ಸಿನ ಹುಳಗಳು ಹೊಲಕ್ಕೆ ಹೊರಡುತ್ತವೆ. ಒಳಗೆ ಮರಿಗಳಿಗೆ ದಿಕ್ಕಿಲ್ಲ, ಹೊರಗೆ ಹೋದವು ಬೇಗ ಸಾಯುತ್ತವೆ. ಔಷಧಿ ಹೊಡೆದ ದಿನ ಸತ್ತ ಹುಳಗಳನ್ನು ಎಣಿಸಿ ‘ಇಷ್ಟೇ ತಾನೆ’ ಅಂದುಕೊಳ್ಳುತ್ತೇವೆ. ಪೆಟ್ಟಿಗೆ ಕುಸಿಯುವುದು ಆಮೇಲೆ.

ನನ್ನ ಪೆಟ್ಟಿಗೆಗಳಲ್ಲಿ ಮೂರು ಹೀಗೇ ಹೋದವು. ಪಕ್ಕದ ಜಮೀನಿನವರ ಮೇಲೆ ಜಗಳಕ್ಕೆ ಹೋಗಲಿಲ್ಲ. ಕೂತು ಮಾತಾಡಿದೆವು. ಈಗ ಅವರು ಹೂ ಇರುವ ಕಾಲದಲ್ಲಿ ಹೊಡೆಯಲೇಬೇಕಾದರೆ ಹಿಂದಿನ ದಿನ ತಿಳಿಸುತ್ತಾರೆ, ಹುಳಗಳು ಮನೆ ಸೇರಿದ ಮೇಲೆ ಕತ್ತಲಾಗುವ ಹೊತ್ತಿಗೆ ಹೊಡೆಯುತ್ತಾರೆ. ನೀವೂ ಅಕ್ಕಪಕ್ಕದವರಿಗೆ ಒಂದು ಬಾಟಲಿ ತುಪ್ಪ ಕೊಟ್ಟು ಕೇಳಿ ನೋಡಿ.

ಎರಡು ಕುಟುಂಬ ಸೇರಿಸುವಾಗ ನಡುವೆ ಪೇಪರ್ ಹಾಳೆ ಇಡುವುದೇಕೆ?

ಪ್ರತಿ ಕುಟುಂಬಕ್ಕೂ ತನ್ನದೇ ಮೈವಾಸನೆ ಇದೆ. ಚರ್ಮದ ಮೇಣ, ಎರಿಯ ಮೇಣ, ತಿಂದ ಆಹಾರ ಎಲ್ಲ ಸೇರಿ ಆದದ್ದು. ಬಾಗಿಲ ಕಾವಲು ಹುಳ ಮೀಸೆ ತಾಗಿಸಿ ನಮ್ಮವರೋ ಅಲ್ಲವೋ ಎಂದು ಹೇಳುತ್ತದೆ. ಏಕಾಏಕಿ ಸೇರಿಸಿದರೆ ಕಾದಾಡಿ ಸಾಯುತ್ತವೆ. ದಿನಪತ್ರಿಕೆಯ ಒಂದು ಹಾಳೆಗೆ ಸೂಜಿಯಿಂದ ನಾಲ್ಕಾರು ತೂತು ಮಾಡಿ ನಡುವೆ ಇಟ್ಟರೆ, ಅವು ಕಡಿದು ಹರಿಯುವಷ್ಟರಲ್ಲಿ ಎರಡು ವಾಸನೆಯೂ ಬೆರೆತಿರುತ್ತದೆ. ಹೊಸ ರಾಣಿಯನ್ನು ಸಣ್ಣ ಜಾಲರಿ ಪಂಜರದಲ್ಲಿಟ್ಟು ಕೊಡುವುದೂ ಇದೇ ಕಾರಣಕ್ಕೆ.

ಗಂಡು ಜೇನಿಗೂ ಈ ವಾಸನೆಗೂ ಏನು ಸಂಬಂಧ?

ಮನೆಯೊಳಗೆ ಹೊಸ ರಾಣಿ ಬೆಳೆಸದಂತೆ ತಡೆಯುವ ಅದೇ 9-ಒಡಿಎ, ಆಕಾಶದಲ್ಲಿ ಗಂಡುಗಳನ್ನು ಕರೆಯುತ್ತದೆ. ಒಂದೇ ವಸ್ತು, ಜಾಗ ಬದಲಾದರೆ ಅರ್ಥ ಬೇರೆ. ಗಂಡಿನ ಮೀಸೆಯಲ್ಲಿ ಇದನ್ನು ಹಿಡಿಯುವ ವಿಶೇಷ ಗ್ರಾಹಕ ಇದೆ, ಅದನ್ನು 2007ರಲ್ಲಿ ಗುರುತಿಸಿದರು.

ಇಲ್ಲಿ ಒಂದು ತೊಡಕು ಇದೆ. ತುಡುವೆ, ಹೆಜ್ಜೇನು, ಕೋಲು ಜೇನು ಮೂರರ ರಾಣಿಗಳೂ ಇದೇ ವಸ್ತುವನ್ನು ಬಳಸುತ್ತವೆ. ಒಂದೇ ಊರಿನ ಆಕಾಶದಲ್ಲಿ ಗೊಂದಲ ಆಗಬೇಕಿತ್ತಲ್ಲ? ಶ್ರೀಲಂಕಾದಲ್ಲಿ ಗಮನಿಸಿದಾಗ ಮೂರೂ ಹೊತ್ತು ಹಂಚಿಕೊಂಡಿರುವುದು ಕಂಡಿತು. ಮಧ್ಯಾಹ್ನ ಕೋಲು ಜೇನಿನ ಗಂಡುಗಳು, ಇಳಿಹೊತ್ತಿಗೆ ತುಡುವೆ, ಹೊತ್ತು ಮುಳುಗಿದ ಮೇಲೆ ಹೆಜ್ಜೇನು.

ಜೇನಿನ ಕುಣಿತ ಇದೆಯಲ್ಲ, ಹೂವಿನ ದಾರಿ ಹೇಳಲು ಅದೊಂದೇ ಸಾಕಾಗುವುದಿಲ್ಲವಾ?

ವಿಜ್ಞಾನಿ ಕಾರ್ಲ್ ವಾನ್ ಫ್ರಿಶ್ ಬಿಡಿಸಿದ ಒಗಟು ಅದು. 1973ರಲ್ಲಿ ನೊಬೆಲ್ ಬಂತು. ದಿಕ್ಕು, ದೂರ ಕುಣಿತದಲ್ಲೇ ಇರುತ್ತದೆ. ಆದರೆ ಕುಣಿಯುವ ಹುಳದ ಮೈಗೆ ಅಂಟಿದ ಹೂವಿನ ವಾಸನೆಯನ್ನೂ ನೋಡುವವು ಹಿಡಿಯುತ್ತವೆ. ಜೊತೆಗೆ ಕುಣಿಯುವಾಗ ಅದರ ಮೈಯಿಂದಲೇ ಕೆಲವು ವಸ್ತುಗಳು ಗಾಳಿಗೆ ಬರುತ್ತವೆ, ಅವನ್ನು ಮೂಸಿದ ಹುಳಗಳು ಹೊರಗೆ ಹೊರಡುವುದು ಹೆಚ್ಚುತ್ತದೆ.

ಸೆಂಟು, ಘಮಘಮ ಎಣ್ಣೆ ಹಚ್ಚಿಕೊಂಡು ಹೋಗಬಹುದಾ?

ಬೇಡ. ಬೆವರಿನ ಮೈಯೂ ಬೇಡ. ಸ್ನಾನ ಮಾಡಿ, ಒಗೆದ ಬಿಳಿ ಅಥವಾ ತೆಳು ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ.

ಪೆಟ್ಟಿಗೆಯನ್ನು ಎಷ್ಟು ದಿನಕ್ಕೊಮ್ಮೆ ತೆಗೆದು ನೋಡಬೇಕು?

ಹೊಸಬರಿಗೆ ದಿನಾ ತೆಗೆದು ನೋಡುವ ಆಸೆ ಇರುತ್ತದೆ. ಮುಚ್ಚಳ ತೆಗೆದಾಗ ಒಳಗಿನ ಬಿಸಿ ಹೋಗುತ್ತದೆ, ಜೊತೆಗೆ ರಾಣಿಯದು, ಮರಿಗಳದು, ಮನೆಯದು ಎಂದು ಒಳಗೆ ಸೇರಿದ್ದ ವಾಸನೆಯೂ ಚದುರುತ್ತದೆ. ಹುಳಗಳು ಮತ್ತೆ ಎಲ್ಲ ಸರಿಮಾಡಿಕೊಳ್ಳಬೇಕು. ತುಡುವೆಗೆ ಪದೇ ಪದೇ ತೊಂದರೆ ಕೊಟ್ಟರೆ ಮನೆಯನ್ನೇ ಬಿಟ್ಟು ಪರಾರಿಯಾಗುತ್ತದೆ. ಹೂವಿನ ಕಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕು.

ತೆಗೆಯುವ ಮುಂಚೆ ನಾನು ಪೆಟ್ಟಿಗೆಯ ಪಕ್ಕದಲ್ಲಿ, ಬಾಗಿಲಿಗೆ ಅಡ್ಡ ಬಾರದೆ, ಎರಡು ನಿಮಿಷ ನಿಲ್ಲುತ್ತೇನೆ. ಪರಾಗ ಬರುತ್ತಿದೆಯಾ ನೋಡುತ್ತೇನೆ, ಸದ್ದು ಕೇಳುತ್ತೇನೆ, ಉಸಿರು ಎಳೆದು ಮೂಸುತ್ತೇನೆ. ಬೆಚ್ಚನೆ ಮೇಣ, ತುಪ್ಪದ ವಾಸನೆ ಬಂದರೆ ಮುಚ್ಚಳಕ್ಕೆ ಕೈ ಹಾಕುತ್ತೇನೆ. ಹುಳಿ ನಾತ ಬಂದರೆ ಮರಿಗಳಿಗೆ ರೋಗ ಇದೆಯೋ ಎಂದು ಮೊದಲು ಅದನ್ನೇ ಹುಡುಕುತ್ತೇನೆ. ಬಾಳೆಹಣ್ಣಿನ ವಾಸನೆ ಬಂದ ದಿನ ಆ ಪೆಟ್ಟಿಗೆ ಮುಟ್ಟದೆ ಮುಂದಿನದಕ್ಕೆ ಹೋಗುತ್ತೇನೆ.